ಬೋನಸ್ ಕಾರಿಂದಲ್ಲ, ನಿಂದು

ಅಮ್ಮ, ಬೈಯೋಕೆ ಮುಂಚೆ ಇದನ್ನ ಪೂರ್ತಿ ಓದು, ಪ್ಲೀಸ್.

ಹನ್ನೊಂದು ಗಂಟೆಗೆ ಗ್ಯಾರೇಜ್ ನವಾಜಣ್ಣ ಕಾರ್ ತಗೊಂಡು ಹೋಗೋಕೆ ಬರ್ತಾರೆ. ಎರಡು ಕೀನೂ ಕೊಡು. ಡ್ಯಾಶ್‌ಬೋರ್ಡಲ್ಲಿ ನಿನ್ನ ಕನ್ನಡಕ ಇದೆ, ಮರೀಬೇಡ. ಮಾರ್ಬೇಡ ಅಂತ ನಾನಿನ್ನು ಹೇಳಲ್ಲ.

ಆದ್ರೆ ಈ ಚೀಟಿ ಕೆಳಗಿರೋ ಅರ್ಜಿಗೆ ಸೈನ್ ಹಾಕು. ಹನ್ನೊಂದು ವರ್ಷ ರಿಪೇರಿಗೆ ಅಂತ ಒಂದು ಸಲಾನೂ ಕ್ಲೇಮ್ ಮಾಡಿಲ್ಲ ನೀನು, ಅದಕ್ಕೇ ಇನ್ಶೂರೆನ್ಸ್ ಕಂತಲ್ಲಿ ಅರ್ಧಕ್ಕರ್ಧ ಕಡಿಮೆ ಮಾಡೋ ಬೋನಸ್ ನಿಂಗಿದೆ. ಅದು ಕಾರಿಂದಲ್ಲ, ನಿಂದು! ಕಾರ್ ಮಾರಿದ್ರೂ ಮೂರು ವರ್ಷ ನಿನ್ನ ಹೆಸರಲ್ಲೇ ಇಟ್ಕೊಂಡು ಮುಂದಿನ ಕಾರಿಗೆ ಬಳಸ್ಬಹುದಂತೆ, ನಾನೇ ಆಫೀಸಿಗೆ ಹೋಗಿ ಕೇಳ್ದೆ. ಲೈಸೆನ್ಸ್ ಸಸ್ಪೆಂಡ್ ಆಗಿರೋದು ಬರೀ ಮೂರು ತಿಂಗಳು. ಜನ್ಮದಲ್ಲಿ ಇನ್ನು ಓಡಿಸಲ್ಲ ಅಂದಿದ್ದು ನೀನು, ಆರ್‌ಟಿಒ ಅಲ್ಲ.

ನಾನು ತಿಮ್ಮಮ್ಮನ್ನ ಡ್ರೆಸ್ಸಿಂಗಿಗೆ ಮೂಡಿಗೆರೆಗೆ ಕರ್ಕೊಂಡು ಹೋಗ್ತಿದೀನಿ. ಕಾಲಿನ ಗಾಯ ಒಣಗ್ತಾ ಇದೆ. ಹೋದ ವಾರ ಆಟೋದಲ್ಲಿ ಡ್ರೈವರ್ ಕಡೆ ಕೈ ತೋರಿಸಿ, "ಇವನಿಗೆ ಗುಂಡಿ ಯಾವ್ದು, ರಸ್ತೆ ಯಾವ್ದು ಗೊತ್ತಿಲ್ಲ ಮಾರಾಯ. ನನ್ನ ಕಾಲು ಮುರಿದ್ರೂ ನಿಮ್ಮಮ್ಮನೇ ವಾಸಿ" ಅಂದ್ರು. ನಂಗೆ ನಗೋಕಾಗ್ಲಿಲ್ಲ.

ಅವತ್ತು ಗೋಣಿಬೀಡು ತಿರುವಲ್ಲಿ ಅವ್ರಿಗೆ ಕಾರ್ ತಾಗಿದಾಗ ನಿನ್ನ ಕೈಲಿದ್ದ ಫೋನಲ್ಲಿ ಮಾತಾಡ್ತಿದ್ದಿದ್ದು ನಾನು. ಚಾರ್ಜರ್ ಎಲ್ಲಿ ಅಂತ ಕೇಳೋಕೆ ಮಾಡಿದ್ದೆ, ಅಷ್ಟೇ. ಯಾರ ಫೋನ್ ಅಂತ ನೀನು ಪೊಲೀಸರಿಗೂ ಹೇಳ್ಲಿಲ್ಲ, ಮನೇಲೂ ಹೇಳ್ಲಿಲ್ಲ. ಅದಕ್ಕೇ ಅರ್ಜಿನ ನಿನ್ನ ಕೇಳದೇ ತುಂಬಿಟ್ಟೆ. ನನ್ನ ಜಾಗದಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ ಅಮ್ಮ?