ಹನ್ನೊಂದನೆಯ ಸಲ

ಮಾರ್ಚ್ ೧೧, ಮಂಗಳವಾರ

ಲ್ಯಾಬಿನ ನರ್ಸಮ್ಮ ಅಂದ ಮಾತು ಬೆಳಿಗ್ಗೆಯಿಂದ ಕೊರೆಯುತ್ತಿದೆ.

ಹೋದ ವರ್ಷ ಮಗಳ ಥೈರಾಯ್ಡ್ ಪರೀಕ್ಷೆಗೆ ನಾಲ್ಕು ಜನ ಸೇರಿ ಅವಳನ್ನು ಅದುಮಿ ಹಿಡಿದಿದ್ದೆವು. ಆದರೂ ರಕ್ತ ತೆಗೆಯಲಾಗಲಿಲ್ಲ. ಈ ಸಲವೂ ಆಗದಿದ್ದರೆ ಮತ್ತು ಬರುವ ಮದ್ದು ಕೊಟ್ಟೇ ತೆಗೆಯಬೇಕು ಎಂದಿದ್ದರು ಡಾಕ್ಟರು.

ನರ್ಸಮ್ಮ ಹೊಸಬರು. ಚೀಟಿ ಓದಿದರು. "ಡೌನ್ ಸಿಂಡ್ರೋಮು, ಜೊತೆಗೆ ಆಟಿಸಂ. ಮಾತಾಡ್ತಾಳಾ?"

"ಇಲ್ಲ."

"ನಮ್ಮನೆಯವರೂ ಅಷ್ಟೇ ಬಿಡಿ. ಮೊದ್ಲು ನೀವು ಅವಳ ಕೈ ಬಿಡಿ ಸರ್."

ಒಳಗೆ ಬಂದಾಗಿನಿಂದ ಹಿಡಿದೇ ಇದ್ದೆ. ಬಿಟ್ಟೆ. ಅವರು ರಬ್ಬರ್ ಪಟ್ಟಿಯನ್ನು ಮಗಳಿಗೆ ಕೊಟ್ಟು ತಮ್ಮ ತೋಳು ಚಾಚಿದರು. ಮಗಳು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಹೊರಗೆ ಸಾಲು ಬೆಳೆಯಿತು.

"ಇನ್ನೂ ಎಷ್ಟೊತ್ತಮ್ಮಾ?" ಎಂದು ಯಾರೋ ಕೂಗಿದರು.

"ದೊಡ್ಡ ಡಾಕ್ಟ್ರು ನನ್ನನ್ನ ನೋಡ್ತಾ ಇದಾರೆ, ತಡ್ಕೊಳ್ರಿ!" ನರ್ಸಮ್ಮ ಮಗಳತ್ತ ಚಾಚಿದ ತೋಳನ್ನು ಕದಲಿಸದೆ ಕೂಗಿದರು.

ಹನ್ನೊಂದನೆಯ ಸಲ ಬಿಚ್ಚಿದ ಮೇಲೆ ಮಗಳು ಪಟ್ಟಿಯನ್ನು ವಾಪಸ್ ಕೊಟ್ಟು, ತನ್ನ ತೋಳನ್ನು ತಾನೇ ಮೇಜಿನ ಮೇಲಿಟ್ಟಳು. ಸೂಜಿ ಒಳಹೋಗುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಮುಖ ತಿರುಗಿಸಿದವನು ನಾನು.

ಹನ್ನೆರಡು ವರ್ಷ ಆ ಕೈಯನ್ನು ಯಾರ ಧೈರ್ಯಕ್ಕಾಗಿ ಹಿಡಿದಿದ್ದೆನೋ.

ಸಂಜೆ ತನ್ನ ಜಡೆಯ ರಿಬ್ಬನ್ನನ್ನು ನನ್ನ ತೋಳಿಗೆ ಬಿಗಿದು ಹೋಗಿ ಮಲಗಿದಳು. ಬಿಚ್ಚುವುದು ಅವಳ ಕೆಲಸ, ನನ್ನದಲ್ಲ. ಬರೆಯುವ ಕೈಯೇ ಇದು, ಬೆರಳುಗಳಿಗೆ ಜೋಮು ಹಿಡಿದು ಪೆನ್ನು ನಿಲ್ಲುತ್ತಿಲ್ಲ, ಅಕ್ಷರ…