ಹದಿನಾಲ್ಕು ತಿಂಗಳ ಖಾಲಿ ಜಾಗ

ಬಾಗಲಕೋಟೆ, ಮುನ್ನೂರ ಹನ್ನೆರಡನೆಯ ಸೆಕ್ಟರ್
ನೆರಳು ತಿಂಗಳ ಹನ್ನೊಂದು, ೨೧೯೭

ಮಹಾನಂದಾ ಆಯಿಯವರಿಗೆ ಬನಶ್ರೀ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಈ ಕಾಗದ ಹರಿಯಬೇಡಿ. ನೆರಳು ಅನ್ನುವುದು ನಮ್ಮ ಹದಿಮೂರನೆಯ ತಿಂಗಳು. ಬಿಸಿಲು ತಡೆಯಲಾಗದೆ ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ಎರಡೋ ಮೂರೋ ದಿನ ಕಿತ್ತು, ಏಪ್ರಿಲಿಗೂ ಮೇ ತಿಂಗಳಿಗೂ ನಡುವೆ ಇದನ್ನು ತುರುಕಿದರು. ಈ ತಿಂಗಳಲ್ಲಿ ಯಾರೂ ಬಯಲಿಗೆ ಕಾಲಿಡುವಂತಿಲ್ಲ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮೆ ಇರಲಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮ ಆಸ್ಪತ್ರೆಯ ಫೈಲಿನಿಂದ. ಹಾಗಾಗಿ ನಡುನಡುವೆ ಲ್ಯಾಬ್ ರಿಪೋರ್ಟಿನ ವಾಸನೆ ಹೊಡೆದರೆ ತಪ್ಪು ನಿಮ್ಮದೇ. ನೀವು ನನ್ನ ಮುತ್ತಜ್ಜಿಯ ಅಜ್ಜಿ. ಆದರೆ ಈ ಪತ್ರ ಮುಟ್ಟುವಾಗ ನಿಮಗೆ ಮೂವತ್ತೊಂಬತ್ತು, ನನಗೀಗ ನಲವತ್ನಾಲ್ಕು. ವಯಸ್ಸಿನಲ್ಲಿ ದೊಡ್ಡವಳಾಗಿ ನಾಲ್ಕು ಮಾತು ಹೇಳುತ್ತೇನೆ, ಮೊಮ್ಮಗಳಾಗಿ ಒಂದು ಬೇಡಿಕೊಳ್ಳುತ್ತೇನೆ. ಎರಡನ್ನೂ ಸಿಟ್ಟಾಗದೆ ಓದಿ.

ಮೊದಲು ನಮ್ಮ ಮನೆತನದ ಜಡ್ಡಿನ ಸಂಗತಿ. ನಿಮಗೆ ಥೈರಾಯ್ಡ್ ಹೆಚ್ಚಾಗಿದೆಯೆಂದು ಡಾಕ್ಟರು ಬರೆದದ್ದು ೨೦೨೪ರಲ್ಲಿ. ನನಗೆ ಹೇಳಿದಾಗ ನನಗೆ ಹತ್ತೊಂಬತ್ತು. ಹೊತ್ತಿಗೆ ನಾಲ್ಕು ರೊಟ್ಟಿ ತಿಂದರೂ ಮೈ ಇಳಿಯುತ್ತಿತ್ತು. ಕೈ ನಡುಗಿ ಚಹಾ ಬಸಿಗೆ ಚೆಲ್ಲುತ್ತಿತ್ತು. ಎಲ್ಲರೂ ಹೊದ್ದು ಕೂತಾಗ ನನಗೊಬ್ಬಳಿಗೆ ಬೆವರು. ಎಡಕ್ಕೆ ಮಗ್ಗುಲಾದರೆ ದಿಂಬಿನೊಳಗಿಂದ ಎದೆ ಬಡಿತ ಕಿವಿಗೆ ಬಂದು ಬೀಳುತ್ತಿತ್ತು. ಸುಮ್ಮನೆ ಕೂತಾಗಲೇ ಎದೆ ಧಸಕ್ಕೆಂದು ನಿಂತಂತಾಗುವುದು, ಮರುಕ್ಷಣವೇ ದಡದಡ ಓಡುವುದು. ಈಗ ಸತ್ತೆ, ಇನ್ನೇನು ಸತ್ತೆ ಎಂದು ಅವ್ವನ ಸೆರಗು ಹಿಡಿದು ಕೂರುತ್ತಿದ್ದೆ. ಆ ಹೆದರಿಕೆ ಹೇಗಿತ್ತೆಂದು ಹೀಗೆ ಬರೆದು ತಿಳಿಸಬಲ್ಲೆ, ಆದರೆ ನೆನೆಸಿಕೊಂಡು ಹೆದರಲು ಈಗ ನನ್ನಿಂದ ಆಗುವುದಿಲ್ಲ.

ಯಾಕೆಂದರೆ ನನಗೆ ಸುಮ್ಕ ಹಾಕಿದರು. ಅದರ ಸರಕಾರಿ ಹೆಸರು ಉದ್ದವಿದೆ, ಯಾರೂ ಬಳಸುವುದಿಲ್ಲ. ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆ ಅದು, ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಕೂರುತ್ತದೆ. ಸೊಕ್ಕಿದ ಗ್ರಂಥಿಯನ್ನು ಮಲಗಿಸಿ, ಎದೆಯನ್ನು ನಿಮಿಷಕ್ಕೆ ಎಪ್ಪತ್ತು ಬಡಿತಕ್ಕೆ ಕಟ್ಟಿಹಾಕುತ್ತದೆ. ರಚ್ಚೆ ಹಿಡಿದ ಮಕ್ಕಳಿಗೆ ‘ಸುಮ್ಕ ಕುಂದರು’ ಎಂದು ನೀವು ಗದರುತ್ತಿದ್ದಿರಲ್ಲ, ಆ ಸುಮ್ಕವೇ ಇದು. ಒಮ್ಮೆ ಹಾಕಿದರೆ ತೆಗೆಯುವಂತಿಲ್ಲ, ಅಷ್ಟರಲ್ಲಿ ಎದೆಗೆ ತನ್ನ ಬಡಿತ ಮರೆತುಹೋಗಿರುತ್ತದೆ. ಜೀವ ಉಳಿಸುತ್ತದೆ, ಅದರಲ್ಲಿ ಸುಳ್ಳಿಲ್ಲ. ಇಪ್ಪತ್ತೈದು ವರ್ಷದಲ್ಲಿ ನಾನು ಆಸ್ಪತ್ರೆಯ ಮಂಚ ಹತ್ತಿಲ್ಲ. ಅನುಕೂಲ ನೋಡಿ ಜಡ್ಡಿಲ್ಲದವರೂ ಹಾಕಿಸಿಕೊಂಡರು. ಈಗ ಊರಿನಲ್ಲಿ ಯಾರನ್ನಾದರೂ ‘ಹೆಂಗ ಅದೀ?’ ಎಂದು ಕೇಳಿದರೆ ‘ಎಪ್ಪತ್ತು’ ಅನ್ನುತ್ತಾರೆ. ಮದುವೆಯಾಗುವವಳೂ ಎಪ್ಪತ್ತು, ಗಂಡನನ್ನು ಮಣ್ಣು ಮಾಡಿ ಬಂದವಳೂ ಎಪ್ಪತ್ತು. ಎದೆ ಹಾರಿತು ಎಂದರೆ ಯಾವುದೋ ಹಕ್ಕಿಯ ಮಾತೆಂದು ಶಾಲೆಯ ಮಕ್ಕಳು ತಿಳಿಯುತ್ತಾರೆ.

ನಾನು ರೊಟ್ಟಿಮನೆಯಲ್ಲಿ ಕೆಲಸ ಮಾಡುತ್ತೇನೆ. ಶಾಖ ಹೆಚ್ಚುತ್ತದೆಂದು ನಮ್ಮಲ್ಲಿ ಮನೆಮನೆಗೆ ಒಲೆ ಹಚ್ಚಲು ಬಿಡುವುದಿಲ್ಲ, ನಾಲ್ಕು ಸೆಕ್ಟರಿಗೆ ಒಂದೇ ಅಡುಗೆಮನೆ. ಅನ್ನ, ಸಾರು, ಪಲ್ಯ ಎಲ್ಲವನ್ನೂ ಯಂತ್ರ ಮಾಡಿ ಹಾಕುತ್ತದೆ. ಜೋಳದ ರೊಟ್ಟಿಗೆ ಮಾತ್ರ ಕೈಯೇ ಬೇಕು ಎಂದು ನಮ್ಮ ಮಂದಿ ಹಟ ಹಿಡಿದರು, ಪುಣ್ಯಕ್ಕೆ ನನಗೊಂದು ಕೆಲಸ ಉಳಿಯಿತು. ಹನ್ನೆರಡು ಹೆಂಗಸರು ಸಾಲಾಗಿ ಕೂತು ಬಡಿಯುತ್ತೇವೆ. ಹನ್ನೆರಡೂ ಮಂದಿಗೆ ಸುಮ್ಕ ಇದೆ, ಹಾಗಾಗಿ ಹನ್ನೆರಡು ಹಲಗೆಯ ಸಪ್ಪಳವೂ ಒಂದೇ. ಹೊರಗೆ ನಿಂತವರಿಗೆ ಒಳಗೆ ಒಬ್ಬಳೇ ಬಡಿಯುತ್ತಿದ್ದಾಳೆ ಅನ್ನಿಸುತ್ತದಂತೆ. ನೀವು ಬಲ್ಲವರು, ರೊಟ್ಟಿ ಬಡಿಯುವ ಕೈ ಎದೆಯ ಮಾತನ್ನೇ ಕೇಳುತ್ತದೆ. ಎದೆ ಓಡಿದರೆ ಕೈಯೂ ಓಡುತ್ತದೆ, ರೊಟ್ಟಿ ತೆಳ್ಳಗಾಗಿ ಅಂಚಿನಲ್ಲಿ ಹರಿಯುತ್ತದೆ. ನಮ್ಮ ರೊಟ್ಟಿ ಹರಿಯುವುದಿಲ್ಲ. ತಿಂದವರು ಚಲೋ ಆಗಿದೆ ಅನ್ನುತ್ತಾರೆ.

ನನ್ನ ಅವ್ವ ಸಂಗವ್ವನಿಗೆ ಈ ಜಡ್ಡು ಬರಲಿಲ್ಲ. ಊರೆಲ್ಲ ಹಾಕಿಸಿಕೊಂಡರೂ ಅವಳು ಸುಮ್ಕ ಹಾಕಿಸಿಕೊಳ್ಳಲಿಲ್ಲ. ನಮ್ಮ ವಾಸ ರೊಟ್ಟಿಮನೆಯ ಹಿಂದಿನ ಎರಡು ಖೋಲಿಯಲ್ಲಿ, ಅಲ್ಲಿ ಕೂತೇ ಅವಳು ಸಪ್ಪಳ ಕೇಳಿ ನನ್ನ ಹಲಗೆ ಯಾವುದೆಂದು ಗುರುತು ಹಿಡಿಯುತ್ತಿದ್ದಳು. ‘ಇವತ್ತ ಎದಿ ಓಡಾಕತ್ತೈತಿ ನಿಂದು. ಹಿಟ್ಟು ಅಲ್ಲೇ ಬಿಟ್ಟು ಬಾ, ಒಂದೀಟ ಕುಂದರು’ ಎಂದು ಒಳಗಿನಿಂದಲೇ ಕೂಗುತ್ತಿದ್ದಳು. ಡಾಕ್ಟರಿಗಿಂತ ಮೊದಲು ನನ್ನ ಜಡ್ಡು ಕಂಡುಹಿಡಿದವಳು ಅವಳೇ. ಸುಮ್ಕ ಹಾಕಿದ ಮೇಲೆ ಅವಳಿಗೆ ನನ್ನ ಹಲಗೆ ಗುರುತು ಸಿಗದಾಯಿತು. ‘ಗಡಿಯಾರ ಕುಂತು ರೊಟ್ಟಿ ಬಡದಂಗ ಆಗೇತಿ’ ಎಂದು ಗೊಣಗುತ್ತಿದ್ದಳು. ಹೋದ ವರ್ಷ ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದು, ‘ಬನೀ, ನಾ ಹೋದ ದಿನ ಒಂದ ರೊಟ್ಟಿನಾದ್ರೂ ಹರೀಲಿ’ ಎಂದು ಕೇಳಿಕೊಂಡಳು. ಅವಳು ಹೋದ ದಿನ ನಾನು ನೂರಾ ನಲವತ್ತು ರೊಟ್ಟಿ ಬಡಿದೆ. ಒಂದೂ ಹರಿಯಲಿಲ್ಲ. ಬೇಕೆಂದೇ ಒಂದನ್ನು ಹರಿಯಲೇ ಎಂದುಕೊಂಡೆ, ಅವ್ವನಿಗೆ ಮೋಸ ಮಾಡಿದಂತಾದೀತೆಂದು ಬಿಟ್ಟೆ. ಕಣ್ಣೀರು ಬರುತ್ತದೇನೋ ಎಂದು ಸಂಜೆಯವರೆಗೆ ಕೂತು ನೋಡಿದೆ. ಅವ್ವ ನನಗೆ ಬೇಕಾದವಳು ಎಂದು ಗೊತ್ತಿದೆ, ನನ್ನ ಸೆಕ್ಟರಿನ ನಂಬರು ಗೊತ್ತಿರುವ ಹಾಗೆ ಗೊತ್ತಿದೆ. ಆಮೇಲೆ ಎದ್ದು ಹಲಗೆ ತೊಳೆದಿಟ್ಟೆ.

ಈಗ ನನ್ನ ಮಗಳು ಇಳಾ. ಹದಿನಾರು ವರ್ಷ. ಈ ಯುಗಾದಿಯಿಂದ ರೊಟ್ಟಿಮನೆಗೆ ಬಂದು ಹದಿಮೂರನೆಯ ಹಲಗೆಗೆ ಕೂರುತ್ತಿದ್ದಾಳೆ. ಕೂತ ಮೊದಲ ದಿನವೇ ಹನ್ನೆರಡು ಹೆಂಗಸರೂ ಕೈ ನಿಲ್ಲಿಸಿ ಅವಳ ಕಡೆ ತಿರುಗಿದರು. ಅವಳ ಸಪ್ಪಳ ಓಡುತ್ತಿತ್ತು, ನಡುವೆ ಒಮ್ಮೆ ತಪ್ಪುತ್ತಿತ್ತು, ಮತ್ತೆ ಓಡುತ್ತಿತ್ತು. ನನಗೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ರಕ್ತ ತೆಗೆಸಿದೆವು, ನಿಮ್ಮದೇ ಜಡ್ಡು. ಕಣ್ಣು ದೊಡ್ಡವಾಗಿವೆ, ಬಳೆ ಮುಂಗೈಯಿಂದ ಜಾರುತ್ತಿದೆ, ನಾಲ್ಕು ಮೆಟ್ಟಿಲು ಹತ್ತಿದರೆ ಐದನೆಯದರ ಮೇಲೆ ಎದೆ ಹಿಡಿದು ಕೂರುತ್ತಾಳೆ. ‘ಯವ್ವಾ, ಎದಿ ಹಾರತೈತಿ’ ಅನ್ನುತ್ತಾಳೆ. ಆ ಮಾತು ಅವಳಿಗೆ ಸಿಕ್ಕಿದ್ದು ನಿಮ್ಮ ಫೈಲಿನಿಂದ, ರಿಪೋರ್ಟುಗಳ ಹಿಂದೆ ನೀವು ಪೆನ್ನಿನಲ್ಲಿ ಗೀಚಿಟ್ಟದ್ದನ್ನು ಓದಿ ಕಲಿತಿದ್ದಾಳೆ. ಸುಮ್ಕ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದೆ. ‘ಒಲ್ಲೆ. ಗುಳಿಗಿ ಕೊಡಸು. ದಿನಾ ನುಂಗತೀನಿ, ಸೂಜಿ ಚುಚ್ಚಿಸ್ಕೋತೀನಿ, ಹೆದರಿಕಿ ಬಂದ್ರ ಹೆದರತೀನಿ. ನಿನ್ನಂಗ ಆಗಾಕ ಮಾತ್ರ ಒಲ್ಲೆ’ ಎಂದಳು. ಆ ಮಾತಿಗೆ ನನಗೆ ನೋವಾಗಬೇಕಿತ್ತು. ಕಾದೆ, ಆಗಲಿಲ್ಲ. ಅವಳು ಹೇಳಿದ್ದು ಸರಿಯೆಂದು ನನಗೆ ಅರ್ಥವಾದದ್ದು ಆಗ. ಮರುದಿನವೇ ಅವಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ.

ನಮ್ಮ ಡಾಕ್ಟರ ಹೆಸರು ಕೌಸರ್. ಒಳ್ಳೆಯವರು, ಕೇಳಿದ್ದಕ್ಕೆ ಮುಖ ತಿರುವುವುದಿಲ್ಲ. ಏನೂ ಕೊಡದೆ ಬಿಟ್ಟರೆ ಹುಡುಗಿಯ ಎದೆ ಸೋಲುತ್ತದೆ ಎಂದು ಖಡಾಖಂಡಿತ ಹೇಳಿದರು. ಗುಳಿಗೆ ಈಗಲೂ ಇವೆ, ಕೆಲಸವನ್ನೂ ಮಾಡುತ್ತವೆ. ಆದರೆ ಕೇಳಿದವರಿಗೆಲ್ಲ ಕೊಡುವಂತಿಲ್ಲ. ಮಂದಿ ನಡುವೆ ಗುಳಿಗೆ ಬಿಟ್ಟುಬಿಡುತ್ತಾರೆ, ಆಮೇಲೆ ಎದೆ ಕೆಟ್ಟು ಬರುತ್ತಾರೆ ಎಂದು ಒಂದು ಕಾಯ್ದೆ ಮಾಡಿದ್ದಾರೆ. ಅದೇ ಮನೆತನದಲ್ಲಿ, ಅದೇ ಜಡ್ಡಿನವರು ಒಬ್ಬರಾದರೂ ಮೂವತ್ತು ವರ್ಷ ಬರೀ ಗುಳಿಗೆಯಲ್ಲಿ ಬಾಳಿದ್ದಕ್ಕೆ ಕಾಗದ ತೋರಿಸಬೇಕು. ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಬಿಟ್ಟಿರಬಾರದು. ನನ್ನ ಅಜ್ಜಿ, ಮುತ್ತಜ್ಜಿ ಎಲ್ಲ ಸುಮ್ಕದವರು. ಗುಳಿಗೆಯಲ್ಲಿ ಬಾಳಿದವರು ನೀವೊಬ್ಬರೇ.

ನಿಮ್ಮ ಫೈಲನ್ನು ಮೇಜಿನ ಮೇಲೆ ಇಟ್ಟೆ. ಇನ್ನೂರ ಹನ್ನೆರಡು ಹಾಳೆ. ಕೌಸರ್ ಡಾಕ್ಟರು ಒಂದೊಂದಾಗಿ ತಿರುವಿದರು. ನಿಮ್ಮ ಸಣ್ಣ ಗುಳಿಗೆ, ದೊಡ್ಡ ಗುಳಿಗೆ, ಮುಂದೆ ಗ್ರಂಥಿಯೇ ಸುಸ್ತಾದ ಮೇಲೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಂಡ ಬೇರೆ ಗುಳಿಗೆ, ಎಪ್ಪತ್ನಾಲ್ಕನೆಯ ವಯಸ್ಸಿನವರೆಗೆ ಎಲ್ಲ ಇದೆ. ಹೌದು ಆಯಿ, ನೀವು ಎಪ್ಪತ್ನಾಲ್ಕರವರೆಗೆ ಇರುತ್ತೀರಿ, ಇದನ್ನು ಹೇಳಬಾರದಿತ್ತೇನೋ. ಡಾಕ್ಟರು ಒಂದು ಕಡೆ ಬೆರಳಿಟ್ಟು ನಿಂತರು. ೨೦೨೬ರ ಫೆಬ್ರುವರಿ ಹದಿನಾರರ ಹಾಳೆ ಆದ ಮೇಲೆ ಮುಂದಿನ ಹಾಳೆ ೨೦೨೭ರ ಏಪ್ರಿಲ್ ಹದಿನಾರರದು. ‘ನನ್ನ ಕೈಯಾಗ ಏನೈತ್ರಿ ಬನಶ್ರೀ ಅವ್ರ? ಹನ್ನೆರಡು ಇದ್ದಿದ್ರ ಕಣ್ಣ ಮುಚ್ಚಿ ಸಹಿ ಮಾಡ್ತಿದ್ದೆ. ಹದಿನಾಲ್ಕು ತಿಂಗಳ ಆಗೇತಿ’ ಎಂದರು. ಸೋಮವಾರ, ಹದಿನೈದನೆಯ ತಾರೀಖಿಗೆ, ಕಡೆಯ ಸಲ ಫೈಲು ನೋಡುತ್ತಾರೆ. ಆ ಜಾಗ ಹಾಗೇ ಇದ್ದರೆ ಅದೇ ದಿನ ಇಳಾಗೆ ಸುಮ್ಕ ಹಾಕುತ್ತಾರೆ.

ಫೆಬ್ರುವರಿಯ ಆ ಹಾಳೆಯ ಹಿಂದೆ ನಿಮ್ಮ ಅಕ್ಷರದಲ್ಲಿ ಒಂದು ಸಾಲಿದೆ. ‘ಆರಾಮ ಅನಸ್ತೈತಿ. ಗುಳಿಗಿ ಬಂದ್.’ ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುವ ಶಕ್ತಿ ನನಗಿಲ್ಲ, ಇದ್ದಿದ್ದರೆ ಖಂಡಿತ ಮಾಡಿಕೊಳ್ಳುತ್ತಿದ್ದೆ. ಆರಾಮಾಗಿದ್ದು ಗುಳಿಗೆಯಿಂದ ಅನ್ನುವುದು ಹೊಳೆಯಲಿಲ್ಲವೇ ನಮ್ಮವ್ವಾ? ಏಪ್ರಿಲ್ ಹಾಳೆಯ ಹಿಂದೆ ಉಳಿದ ಕತೆ ಬರೆದಿದ್ದೀರಿ. ದೀಪಾವಳಿಯ ಹೊತ್ತಿಗೇ ಕೈ ನಡುಗುತ್ತಿತ್ತು, ರೊಟ್ಟಿ ಹರಿಯುತ್ತಿತ್ತು. ಮನೆಯವರು ಕೇಳಿದರೆ ದಣಿವು ಅಂದಿರಿ, ಬೇಸಿಗೆ ಬಂದ ಮೇಲೆ ಬಿಸಿಲಿಗೆ ಹಂಗ ಆಗತೈತಿ ಅಂದಿರಿ. ಕಡೆಗೆ ಬಸ್ ಸ್ಟ್ಯಾಂಡಿನಲ್ಲಿ ಬಿದ್ದು, ಎದೆ ನೂರಾ ಐವತ್ತೆಂಟಕ್ಕೆ ಏರಿ, ಯಾರೋ ಎತ್ತಿ ಆಸ್ಪತ್ರೆಗೆ ಹಾಕಿದರು. ‘ಸಾಯೂದೊಂದ ಬಾಕಿ ಇತ್ತು’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೀರಿ. ಆ ಗೆರೆ ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು. ಇಳಾ ಅದರ ಮೇಲೆ ಬೆರಳಾಡಿಸುತ್ತಿರುತ್ತಾಳೆ.

ಈ ಪತ್ರ ನಿಮಗೆ ಹೇಗೆ ಮುಟ್ಟುತ್ತದೆಂದು ನನಗೆ ಗೊತ್ತಿಲ್ಲ. ಇಳಾ ಹೇಳಿದಳೆಂದು ಬರೆಯುತ್ತಿದ್ದೇನೆ, ಬರೆದು ಆ ಎರಡು ಹಾಳೆಗಳ ನಡುವೆ, ಖಾಲಿ ಜಾಗದಲ್ಲೇ ಇಡುತ್ತೇನೆ. ನೀವು ಗುಳಿಗೆ ಬಿಟ್ಟ ಆ ದಿನಗಳಲ್ಲಿ ಎಲ್ಲೋ ಒಮ್ಮೆ ಫೈಲು ತೆಗೆದರೆ ಕೈಗೆ ಸಿಕ್ಕೀತು. ನಿಮ್ಮ ಬಾಳನ್ನೆಲ್ಲ ಬದಲು ಮಾಡಿಕೊಳ್ಳಿ ಎಂದು ಕೇಳುತ್ತಿಲ್ಲ. ಗುಳಿಗೆ ಬಿಟ್ಟಿದ್ದು ಬಿಟ್ಟಿರಿ, ಆಯಿತು. ಎರಡು ತಿಂಗಳು ಮೊದಲು ಹೋಗಿ, ಇಷ್ಟೇ ನನ್ನ ಬೇಡಿಕೆ. ೨೦೨೭ರ ಫೆಬ್ರುವರಿ ಹದಿನಾರರೊಳಗೆ ಒಂದು ದಿನ ಲ್ಯಾಬಿಗೆ ಹೋಗಿ ರಕ್ತ ಕೊಡಿ, ಆ ರಿಪೋರ್ಟು ಹಿಡಿದು ಡಾಕ್ಟರನ್ನು ಕಂಡು, ಎದೆ ಹಾರುತ್ತಿದೆ ಎಂದು ಬಾಯಿ ಬಿಟ್ಟು ಹೇಳಿ. ಬಿಸಿಲು ಎಂದು ಹೇಳಬೇಡಿ. ಕೊಟ್ಟ ಗುಳಿಗೆ ನುಂಗಿ, ಹಾಳೆಯನ್ನು ತಂದು ಫೈಲಿಗೆ ಹಾಕಿ. ನಿಮಗೂ ಬಸ್ ಸ್ಟ್ಯಾಂಡಿನಲ್ಲಿ ಬೀಳುವುದು ತಪ್ಪುತ್ತದೆ.

ಸೋಮವಾರ ಡಾಕ್ಟರ ಮುಂದೆ ಕೂತು, ಈ ಪತ್ರ ಬಿಟ್ಟು ಉಳಿದ ಹಾಳೆ ಎಣಿಸುತ್ತೇನೆ. ಇನ್ನೂರ ಹದಿಮೂರು ಬಂದರೆ ನೀವು ಹೋಗಿ ಬಂದಿರಿ ಎಂದು ತಿಳಿಯುತ್ತೇನೆ. ಆಗಲೂ ನಾನು ಎಪ್ಪತ್ತೇ ಇರುತ್ತೇನೆ, ಅದಕ್ಕೆ ನೀವು ಬೇಸರ ಪಟ್ಟುಕೊಳ್ಳಬೇಡಿ. ಪಕ್ಕದಲ್ಲಿ ಇಳಾ ಕೂತಿರುತ್ತಾಳೆ. ಅವಳ ಮುಂಗೈಯನ್ನು ನನ್ನ ಕೈಯಲ್ಲಿ ಹಿಡಿದಿರುತ್ತೇನೆ. ಇನ್ನೂರ ಹದಿಮೂರನೆಯ ಹಾಳೆ ಬಂದ ಗಳಿಗೆಯಲ್ಲಿ ಅವಳ ನಾಡಿ ಜಿಗಿಯುವುದು ನನ್ನ ಬೆರಳಿಗೆ ತಿಳಿಯುತ್ತದೆ.

ಮರುದಿನ ಅವಳು ರೊಟ್ಟಿ ಬಡಿಯುತ್ತಾಳೆ, ಒಂದೆರಡಾದರೂ ಹರಿಯುತ್ತವೆ. ಹರಿದದ್ದನ್ನು ಅವ್ವನ ಹೆಸರಿನಲ್ಲಿ ತೆಗೆದಿಡುತ್ತೇನೆ.

ಎರಡೇ ತಿಂಗಳು, ಆಯಿ.

ನಿಮ್ಮ ಮೊಮ್ಮಗಳು,
ಬನಶ್ರೀ