ನೆಂಟರಿಗೆ ಕೊಡುವ ನೀರು

ಅವ್ವಾ,

ನೀನಿದ್ದಿದ್ದರೆ ಜಗಲಿಯ ಮೇಲೆ ಕೂತು ಎದುರಿಗೇ ಜಗಳ ಆಡುತ್ತಿದ್ದೆ. ಇಲ್ಲವಲ್ಲ, ಅದಕ್ಕೇ ಈ ಕಾಗದ. ನಿನ್ನ ಮೇಲೆ, ನಿನ್ನ ಗೆಳತಿ ಜಯಮ್ಮತ್ತೆಯ ಮೇಲೆ, ನಮ್ಮ ಬೀದಿಯ ಅಷ್ಟೂ ಹೆಂಗಸರ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂದಿದೆ.

ಕರೆಂಟ್ ಬಿಲ್ಲಿನವನು ಬಂದು ನೀರು ಕೇಳಿದ್ದು ನೆನಪಿದೆಯಾ? ನಾನು ಕೊಳಾಯಿಗೆ ಚೊಂಬು ಹಿಡಿದೆ. ನೀನು ಕಿತ್ತುಕೊಂಡು, ಕ್ಯಾನಿನಲ್ಲಿ ತಂದಿಟ್ಟಿದ್ದ ಫಿಲ್ಟರ್ ನೀರು ಬಗ್ಗಿಸಿ, ಜೊತೆಗೊಂದು ಚೂರು ಬೆಲ್ಲ ಕೊಟ್ಟೆ. "ಬಾಯಾರಿ ಬಂದೋರ್ಗೆ ಆ ಸವಳು ನೀರ್ ಕೊಡ್ತಾರೇನಮ್ಮಿ? ಮನೆ ಮರ್ವಾದಿ ಏನಾಗ್ಬೇಕು?" ಅಂದೆ. ಆ ಸವಳು ನೀರನ್ನೇ ನೀನು ಕೊನೆಯವರೆಗೂ ಕುಡಿದೆ. ಫಿಲ್ಟರ್ ನೀರು ನೆಂಟರಿಗೆ, ಕೊಳಾಯಿ ನೀರು ಮನೆಯವರಿಗೆ. ಇದ್ಯಾವ ಸೀಮೆಯ ನ್ಯಾಯ ಅವ್ವ?

ಮೊನ್ನೆ ನಮ್ಮ ಹೈಸ್ಕೂಲಿನ ಮಕ್ಕಳು ಮಂಡ್ಯದಿಂದ ಬಂದ ವಿಜ್ಞಾನಿಗಳ ಜೊತೆ ಬಾಟಲಿ ಹಿಡಿದು ಬೀದಿಗಿಳಿದದ್ದನ್ನು ನೀನು ನೋಡಬೇಕಿತ್ತು. ನಮ್ಮ ಕೊಳಾಯಿಗಳಿಗೆ ಬರುವ ಊರ ಬೋರ್‌ವೆಲ್ ನೀರನ್ನೇ ಅಂಗನವಾಡಿಗೂ ಕೊಡುತ್ತೇವೆಂದು ಪಂಚಾಯ್ತಿಯವರು ಪೈಪು ತಂದು ಇಳಿಸಿದ್ದರು. ಎಳೆಗೂಸುಗಳು ಕುಡಿಯುವ ನೀರು, ಮೊದಲು ಪರೀಕ್ಷೆಯಾಗಲಿ ಎಂದು ಹಟ ಹಿಡಿದವಳು ನಾನೇ. ಸುತ್ತಲೂ ಕಬ್ಬಿನ ಗದ್ದೆ. ಸುರಿದ ಯೂರಿಯಾ ಎಲ್ಲಿಗೆ ಹೋಗುತ್ತದೆ? ನೈಟ್ರೇಟ್ ಆಗಿ ನೆಲಕ್ಕಿಳಿದು ಬೋರ್‌ವೆಲ್ ಸೇರುತ್ತದೆ. ಪರೀಕ್ಷೆಯ ಪುಡಿ ಹಾಕಿದರೆ ಅಂಥ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ; ಬಣ್ಣ ಏರಿದಷ್ಟೂ ಕೂಸುಗಳಿಗೆ ಅಪಾಯ. ಮನೆಮನೆಯಿಂದ ತಂದ ಬಾಟಲಿಗಳಲ್ಲಿ ಒಂದೂ ಬಣ್ಣ ತಿರುಗಲಿಲ್ಲ! ಪಂಚಾಯ್ತಿ ಮೆಂಬರು ಕುಣಿದಾಡಿಬಿಟ್ಟ. "ನೋಡಿ ಮೇಡಮ್ಮೋರೆ, ನಿಮ್ ಮಕ್ಳೇ ಸರ್ಟಿಫಿಕೇಟ್ ಕೊಟ್ಟವ್ರೆ. ಇನ್ನೇನು, ಪೈಪ್ ಎಳೆಯದೇಯಾ."

ವಿಜ್ಞಾನಿ ಹುಡುಗಿ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದಳು. ನೀರಿನ ಉಪ್ಪಿನಂಶ ಅಳೆಯುವ ಮೀಟರನ್ನು ಒಂದೊಂದೇ ಬಾಟಲಿಗೆ ಅದ್ದಿ ನೋಡಿ, "ಮೇಡಂ, ಉಪ್ಪಿನಂಶ ತೀರಾ ಕಡಿಮೆ, ಇದು ಬೋರ್‌ವೆಲ್ ನೀರೇ ಅಲ್ಲ" ಅಂದಳು. ನನಗೆ ತಟ್ಟನೆ ಹೊಳೆಯಿತು. ಕೊಳಾಯಿಯಿಂದಲೇ ಹಿಡಿಯಿರಿ ಎಂದು ಮಕ್ಕಳಿಗೆ ಹೇಳಿ ಕಳಿಸಿದ್ದೆ. ಆದರೆ ಮಂಡ್ಯದವರು ಬಾಗಿಲಿಗೆ ಬಂದು ನೀರು ಕೇಳಿದರೆ ನಮ್ಮ ಹೆಂಗಸರು ಸುಮ್ಮನಿರುತ್ತಾರಾ? ಬಾಟಲಿ ಕಿತ್ತುಕೊಂಡು ಒಳಗೆ ಹೋಗಿ, ಬೀದಿಗೆ ಬೀದಿಯೇ ಫಿಲ್ಟರ್ ನೀರು ತುಂಬಿಕೊಟ್ಟಿತ್ತು. ಜಯಮ್ಮತ್ತೆಯಂತೂ ಬಾಟಲಿಗೊಂದು ಏಲಕ್ಕಿ ಬೇರೆ ಹಾಕಿದ್ದರು! ನಗಲಾ, ತಲೆ ಚಚ್ಚಿಕೊಳ್ಳಲಾ?

ಮತ್ತೆ ಅವರ ಬಾಗಿಲಿಗೆ ಹೋದೆ. "ಅತ್ತೆ, ಈ ಸಲ ಕೊಳಾಯಿ ನೀರೇ ಬೇಕು ಕಣತ್ತೆ" ಅಂದೆ.

"ಯಾಕಮ್ಮಿ? ನಮ್ಮನೆ ನೀರ್ ಕೆಟ್ಟದ್ದು ಅಂತ ಊರ್ಗೆಲ್ಲ ಸಾರಕ್ಕಾ? ನಾಳೀಕೆ ನಮ್ ಹುಡ್ಗೀನ ನೋಡಕ್ಕೆ ಯಾರ್ ಬತ್ತಾರೆ? ಕಾಯಿಸ್ಕೊಂಡು ಕುಡೀತೀವಿ ಬುಡು."

ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ, ಇನ್ನೂ ಹೆಚ್ಚುತ್ತದೆ ಎಂದು ಗಂಟಲು ಹರಿದುಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಎಲ್ಲ ಬಾಗಿಲಲ್ಲೂ ಇದೇ ಮಾತು. ಅತ್ತ ಅಂಗನವಾಡಿಯ ಮುಂದೆ ಪೈಪಿಗೆ ಗುಂಡಿ ತೋಡಲು ಶುರು ಮಾಡಿದ್ದರು. ನಾನಿನ್ನೇನು ಮಾಡಬೇಕಿತ್ತು, ಹೇಳು...

ಸೀದಾ ನಮ್ಮ ಮನೆಗೇ ಬಂದು, ನೀನು ದಿನಾ ಬಿಂದಿಗೆ ಇಡುತ್ತಿದ್ದ ಕೊಳಾಯಿಗೆ ಬಾಟಲಿ ಹಿಡಿದೆ. ಆ ಗುಂಡಿಯ ಪಕ್ಕದಲ್ಲೇ, ಎಲ್ಲರೆದುರಿಗೆ, ಮಕ್ಕಳ ಕೈಯಲ್ಲಿ ಪುಡಿ ಹಾಕಿಸಿದೆ. ನೀರು ಬೀಟ್‌ರೂಟ್ ಬೇಯಿಸಿದ ಹಾಗಾಯಿತು. "ಇದು ಸಾವಿತ್ರಮ್ಮನ ಮನೆ ನೀರು. ಕೂಸುಗಳಿಗೆ ಕುಡಿಸಕ್ಕೆ ಲಾಯಕ್ಕಿಲ್ಲ" ಎಂದು ನಿನ್ನ ಹೆಸರು ಹಿಡಿದೇ ಕೂಗಿ ಹೇಳಿದೆ, ಅವ್ವ. ಹೇಳುವಾಗ ಅಳು ಬಂತು. ಮೆಂಬರು ಏನಂದ ಗೊತ್ತಾ? "ಅದು ನಿಮ್ ಮನೆ ಕೊಳಾಯಿ ತಪ್ಪು ಮೇಡಮ್ಮೋರೆ, ಬೋರ್‌ವೆಲ್‌ದಲ್ಲ." ಮೈಯೆಲ್ಲ ಉರಿದುಹೋಯಿತು.

ಆಗ ಗುಂಪಿನಲ್ಲಿ ಕೂತಿದ್ದ ಜಯಮ್ಮತ್ತೆ ಸೆರಗು ಕೊಡವಿ ಎದ್ದು ಮನೆಗೆ ಹೋದರು. ಮುನಿಸಿಕೊಂಡರು ಎಂದುಕೊಂಡೆ. ಬಾಟಲಿ ತುಂಬಿಕೊಂಡು ಬಂದು ನನ್ನ ಕೈಗೆ ತುರುಕಿದರು.

"ತಗೊ, ನಮ್ ಕೊಳಾಯಿದೇಯಾ. ಸತ್ತೋದೋಳ ಹೆಸ್ರೊಂದನ್ನೇ ಯಾಕಮ್ಮಿ ಬೀದೀಲಿ ನಿಲ್ಲಿಸ್ತೀಯೆ? ನಮ್ದೂ ಸೇರಿಸ್ಕೊ."

ಅದೂ ಅದೇ ಬಣ್ಣಕ್ಕೆ ತಿರುಗಿತು. ಅವರ ಹಿಂದೆಯೇ ಪಕ್ಕದ ಮನೆಯವರು, ಎದುರು ಮನೆಯವರು, ಒಬ್ಬೊಬ್ಬರೇ ಬಾಟಲಿ ತಂದಿಟ್ಟರು. ಮೆಂಬರು ಫೋನು ಕಿವಿಗಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟುಬಿಟ್ಟ.

ಗುಂಡಿ ಮುಚ್ಚಿಸಿದ್ದೇವೆ, ಅವ್ವ. ಊರು ಇನ್ನೂ ಅದೇ ಬೋರ್‌ವೆಲ್ ನೀರು ಕುಡಿಯುತ್ತಿದೆ, ನನ್ನ ಸಿಟ್ಟೂ ಇಳಿದಿಲ್ಲ. ಬೇರೆ ನೀರು ಬರುವವರೆಗೆ ಪಂಚಾಯ್ತಿಯ ಬಾಗಿಲು ಬಿಡುವುದಿಲ್ಲ. ಒಬ್ಬಳೇ ಹೋಗುವುದೂ ಇಲ್ಲ, ಜಯಮ್ಮತ್ತೆ ಈಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕೂಗುತ್ತಿದ್ದಾರೆ.

ನಿನ್ನ ಜಗಳಗಂಟಿ ಮಗಳು